ಕಲಕಿದರೆ ಕೂಡಿತು, ಕಡೆದರೆ ಬೇರೆಯಾಯಿತು

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಹುಬ್ಬಳ್ಳಿಯ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಹತ್ತು ದಿನದಿಂದ ಕೂಡಿಟ್ಟು ಹೆಪ್ಪು ಹಾಕಿದ್ದ ಕೆನೆಯನ್ನು ಮಿಕ್ಸಿ ಜಾರಿಗೆ ಸುರಿದು ಗುಂಡಿ ತಿರುಗಿಸಿದೆ. ಐದು ನಿಮಿಷವಾಯಿತು, ಹತ್ತಾಯಿತು. ಜಾರು ಬಿಸಿಯಾಯಿತೇ ಹೊರತು ಬೆಣ್ಣೆ ಕಾಣಲಿಲ್ಲ. ಕೊನೆಗೆ ಸಿಕ್ಕಿದ್ದು ಅತ್ತ ಮಜ್ಜಿಗೆಯೂ ಅಲ್ಲದ, ಇತ್ತ ಬೆಣ್ಣೆಯೂ ಅಲ್ಲದ, ಬೆರಳಿಗೆ ಎಣ್ಣೆಯಂತೆ ಮೆತ್ತಿಕೊಳ್ಳುವ ಬಿಳಿ ಲೋಳೆ. ಧಾರವಾಡದಲ್ಲಿದ್ದ ಅಜ್ಜಿಗೆ ಫೋನು ಮಾಡಿದರೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟೊತ್ತಿಗೆ ಕಡ್ಯಾಕ ಕುಂತಿದ್ದಿ?" ಈಗಷ್ಟೇ, ಊಟ ಆದಮೇಲೆ ಅಂದೆ. "ಈ ಬಿಸಲಾಗ ಬೆಣ್ಣಿ ಹೆಂಗ ಬರ್ತೈತಿ? ಫ್ರಿಜ್‌ನ್ಯಾಗ ಇಡು. ನಾಳಿ ನಸಿಕಿನ್ಯಾಗ ಎದ್ದು ಕಡಿ."

ಮರುದಿನ ಬೆಳಿಗ್ಗೆ ಅದೇ ಜಾರು, ಅದೇ ಕೆನೆ. ಮೂರು ನಿಮಿಷ ಆಗುವಷ್ಟರಲ್ಲಿ ಬೆಣ್ಣೆ ತೇಲಿತು.

ದ್ರವಗಳನ್ನು ತಿರುವುವುದು ಬೆರೆಸಲಿಕ್ಕೆ ಅಂತ ನಾವು ತಿಳಿದಿರುತ್ತೇವೆ. ಚಹಾಕ್ಕೆ ಸಕ್ಕರೆ, ಬಣ್ಣಕ್ಕೆ ಟರ್ಪೆಂಟೈನ್, ಸಾರಿಗೆ ಒಗ್ಗರಣೆ, ಎಲ್ಲದಕ್ಕೂ ಸೌಟು ಆಡಿಸಿದರೆ ಒಂದಾಗುತ್ತವೆ. ಬೆಣ್ಣೆಯ ವಿಷಯದಲ್ಲಿ ಮಾತ್ರ ಅದೇ ಕೈ, ಅದೇ ತಿರುವು ತದ್ವಿರುದ್ಧ ಕೆಲಸ ಮಾಡುತ್ತದೆ. ಕೂಡಿಕೊಂಡಿದ್ದನ್ನು ಬೇರೆ ಮಾಡುತ್ತದೆ. ಭಾಷೆ ಇದನ್ನು ಗುರುತಿಸಿದೆ. ಸಕ್ಕರೆಯನ್ನು ಕಲಕುತ್ತೇವೆ, ಹಿಟ್ಟನ್ನು ಕಲಸುತ್ತೇವೆ, ಹುಗ್ಗಿಗೆ ಕೈಯಾಡಿಸುತ್ತೇವೆ, ಮೊಸರನ್ನು ಕಡೆಯುತ್ತೇವೆ. ಮೊಸರು ಕಲಕಿ ಬೆಣ್ಣೆ ತೆಗೆದರು ಅಂತ ಯಾರೂ ಹೇಳುವುದಿಲ್ಲ. (ಬೆಂದ ಬೇಳೆಯನ್ನೂ ಕಡೆಯುತ್ತೇವಲ್ಲ ಅನ್ನುವ ತಕರಾರು ಬರಬಹುದು. ನಿಜ, ಅದೊಂದು ಅಪವಾದ, ಕೈಯಲ್ಲಿರುವುದು ಅದೇ ಕಡಗೋಲು ಅನ್ನುವ ಕಾರಣಕ್ಕೆ.) ಸೌಟು ಹಿಡಿಯುವ ಮೊದಲು ಇದು ಯಾವ ಕ್ರಿಯಾಪದದ ಕೆಲಸ ಅಂತ ಕೇಳಿಕೊಂಡರೆ ಅರ್ಧ ತಪ್ಪು ತಪ್ಪುತ್ತದೆ. ಉಳಿದರ್ಧಕ್ಕೆ ಹನಿಯೊಳಗಿನ ಸಂಗತಿ ಸ್ವಲ್ಪ ಗೊತ್ತಿರಬೇಕು.

ಹನಿಯ ಮೈಗಾವಲು

ಹಾಲೆಂದರೆ ನೀರಿನಲ್ಲಿ ತೇಲುವ ಕೊಬ್ಬಿನ ಹನಿಗಳು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು, ನಾಲ್ಕು, ಐದು ಪಾಲಿನಷ್ಟು ಅಡ್ಡಳತೆ ಅವುಗಳದು. ಎಮ್ಮೆ ಹಾಲಿನ ಹನಿ ಆಕಳ ಹಾಲಿನದಕ್ಕಿಂತ ದೊಡ್ಡದು. ಪ್ರತಿ ಹನಿಯ ಸುತ್ತ ಪ್ರೋಟೀನು, ಫಾಸ್ಫೊಲಿಪಿಡ್‌ಗಳ ತೆಳುವಾದ ಪೊರೆ ಇದೆ. ಅದೇ ಗಾವಲು. ಅದಿಲ್ಲದಿದ್ದರೆ ಸಾರಿನ ಮೇಲೆ ಎಣ್ಣೆ ಕಣ್ಣು ಬಿಡುವಂತೆ ಹಾಲಿನ ಮೇಲೆ ತುಪ್ಪ ತೇಲುತ್ತಿತ್ತು.

ಇಂಥ ಮಿಶ್ರಣವನ್ನು ಕದಡಿದಾಗ ಏಕಕಾಲಕ್ಕೆ ಎರಡು ಸಂಗತಿ ನಡೆಯುತ್ತವೆ. ದೊಡ್ಡ ಹನಿ ಹರಿದು ಚಿಕ್ಕ ಹನಿಗಳಾಗುತ್ತವೆ. ಚಿಕ್ಕ ಹನಿಗಳು ಒಂದಕ್ಕೊಂದು ಢಿಕ್ಕಿ ಹೊಡೆದು ದೊಡ್ಡದಾಗುತ್ತವೆ. ಯಾವುದು ಗೆಲ್ಲುತ್ತದೆ ಅನ್ನುವುದು ಗಾವಲಿನ ಮೇಲೆ ನಿಂತಿದೆ. ಬಾಟಲಿಯಲ್ಲಿ ಬರೀ ಎಣ್ಣೆ, ನೀರು ಹಾಕಿ ಕುಲುಕಿ ನೋಡಿ. ಕ್ಷಣಕಾಲ ಬೆಳ್ಳಗಾಗುತ್ತದೆ, ಕೈ ನಿಂತೊಡನೆ ಹನಿಗಳು ಕೂಡಿಕೊಂಡು ಮೇಲೆದ್ದು ಗೆರೆ ಕೊರೆದಂತೆ ಬೇರೆಯಾಗುತ್ತವೆ. ಎರಡು ಹನಿ ಸೋಪಿನ ದ್ರವ ಬಿಟ್ಟು ಕುಲುಕಿದರೆ ಆ ಬಿಳುಪು ಗಂಟೆಗಟ್ಟಲೆ ನಿಲ್ಲುತ್ತದೆ. ಒಡೆದ ಹನಿಗೆ ಆ ಕ್ಷಣವೇ ಹೊಸ ಗಾವಲು ಸಿಕ್ಕಿದ್ದರಿಂದ ಅದು ನೆರೆಯ ಹನಿಯ ಜೊತೆ ಕೂಡಲಾರದು.

ಹನಿ ಎಷ್ಟು ಬೇಗ ಮೇಲೇರುತ್ತದೆ ಅನ್ನುವ ಲೆಕ್ಕವನ್ನು ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಕೊಟ್ಟ. ವೇಗ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹನಿ ಎರಡು ಪಟ್ಟು ದೊಡ್ಡದಾದರೆ ನಾಲ್ಕು ಪಟ್ಟು ಬೇಗ ಏರುತ್ತದೆ, ಕಾಲುಭಾಗಕ್ಕೆ ಇಳಿದರೆ ಹದಿನಾರು ಪಟ್ಟು ನಿಧಾನ. ಹೋಮೋಜಿನೈಸ್ಡ್ ಹಾಲಿನ ಗುಟ್ಟು ಇದೇ. ಭಾರೀ ಒತ್ತಡದಲ್ಲಿ ಕಿರಿದಾದ ಸಂದಿಯ ಮೂಲಕ ಹಾಲನ್ನು ತೂರಿಸಿ ಹನಿಗಳನ್ನು ಪುಡಿ ಮಾಡುತ್ತಾರೆ, ಹಾಲಿನದೇ ಪ್ರೋಟೀನು ಹೊಸ ಗಾವಲಾಗಿ ಅಂಟಿಕೊಳ್ಳುತ್ತದೆ. ಆ ಹಾಲು ಮಂದವಾಗಿ ರುಚಿಯಾಗಿರಬಹುದು, ಅದರಿಂದ ಕೆನೆ ಕೂಡಿಸುತ್ತೇನೆ ಅಂತ ಹೊರಟರೆ ನಿರಾಸೆ ಖಂಡಿತ. ಬೆಣ್ಣೆ ಬೇಕಿದ್ದವರು ಪ್ಯಾಕೆಟ್ಟಿನ ಮೇಲೆ ಆ ಪದ ಇಲ್ಲದ್ದನ್ನು ನೋಡಿ ಕೊಳ್ಳಿ. ಶೇ. 3ರಷ್ಟು ಜಿಡ್ಡಿನ ಟೋನ್ಡ್ ಹಾಲಿಗಿಂತ ಶೇ. 6ರಷ್ಟು ಜಿಡ್ಡಿನ ಫುಲ್ ಕ್ರೀಮ್ ಹಾಲು ಈ ಕೆಲಸಕ್ಕೆ ಲೇಸು. ಗೌಳಿಗರ ಮನೆಯ ಎಮ್ಮೆ ಹಾಲು ಸಿಕ್ಕರೆ ಕೇಳುವುದೇ ಬೇಡ.

ನಸುಕಿನಲ್ಲೇ ಯಾಕೆ

ಕೊಬ್ಬಿನ ಹನಿ ಪೂರ್ತಿ ದ್ರವವೂ ಅಲ್ಲ, ಪೂರ್ತಿ ಗಟ್ಟಿಯೂ ಅಲ್ಲ. ತಂಪಿನಲ್ಲಿ ಅದರೊಳಗೆ ಸೂಜಿಯಂಥ ಹರಳುಗಳು ಮೂಡುತ್ತವೆ, ನಡುವೆ ಸ್ವಲ್ಪ ಎಣ್ಣೆ ಉಳಿದಿರುತ್ತದೆ. ಕಡೆಯುವಾಗ ಎರಡು ಹನಿ ಢಿಕ್ಕಿ ಹೊಡೆದರೆ ಒಂದರ ಹರಳು ಇನ್ನೊಂದರ ಪೊರೆಯನ್ನು ಚುಚ್ಚುತ್ತದೆ, ಒಳಗಿನ ಎಣ್ಣೆ ಅಂಟಿನಂತೆ ಎರಡನ್ನೂ ಹಿಡಿಯುತ್ತದೆ. ಕಡಗೋಲು ಒಳಗೆಳೆದ ಗಾಳಿಗುಳ್ಳೆಗಳ ಮೈಮೇಲೆ ಈ ಹನಿಗಳು ಬಂದು ಹರಡಿಕೊಳ್ಳುತ್ತವೆ, ಗುಳ್ಳೆ ಒಡೆದಾಗ ಒಟ್ಟಿಗೆ ಗಂಟು ಬೀಳುತ್ತವೆ. ಹೀಗೆ ಗಂಟು ಗಂಟಾಗಿ ಬೆಳೆದು ಕಣ್ಣಿಗೆ ಕಾಣುವ ಕಾಳಾದಾಗ ಅದನ್ನು ಬೆಣ್ಣೆ ಅನ್ನುತ್ತೇವೆ.

ಏಪ್ರಿಲ್ ಮಧ್ಯಾಹ್ನದ ಹುಬ್ಬಳ್ಳಿಯಲ್ಲಿ ಹರಳು ಉಳಿಯುವುದಿಲ್ಲ. ಕೊಬ್ಬು ಎಣ್ಣೆಯಾಗಿರುತ್ತದೆ, ಮಿಕ್ಸಿಯ ಅಲಗು ಅದನ್ನು ಗಂಟು ಕಟ್ಟಿಸುವ ಬದಲು ಇನ್ನಷ್ಟು ಸಣ್ಣ ಹನಿ ಮಾಡಿ ಮಜ್ಜಿಗೆಗೇ ಮರಳಿಸುತ್ತದೆ. ಅಂದರೆ ನಾನು ಆ ದಿನ ಕಡೆಯುತ್ತಿದ್ದೇನೆ ಅಂದುಕೊಂಡು ಕಲಕುತ್ತಿದ್ದೆ. ಅತಿಯಾದ ಚಳಿಯೂ ಆಗದು. ಹನಿಗಳು ಗೋಲಿಗಳಂತೆ ಗಟ್ಟಿಯಾಗಿ ಒಂದಕ್ಕೊಂದು ಬಡಿದು ಸಿಡಿಯುತ್ತವೆ, ಅಂಟುವುದಿಲ್ಲ. ಬೇಸಿಗೆಯಲ್ಲಿ ತಣ್ಣೀರು, ಮಾಗಿಯಲ್ಲಿ ಒಂದು ಚೊಂಬು ಬಿಸಿನೀರು ಹಾಕಿ ಕಡೆಯುವ ಪದ್ಧತಿ ಈ ಎರಡು ಅತಿಗಳ ನಡುವಿನ ದಾರಿ.

ಥರ್ಮಾಮೀಟರ್ ಇದ್ದವರಿಗೆ: ಬರೀ ಕೆನೆಯಾದರೆ 10ರಿಂದ 14 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಮೊಸರನ್ನೇ ಕಡೆಯುವುದಾದರೆ ಅದಕ್ಕಿಂತ ಕೆಲವು ಡಿಗ್ರಿ ಹೆಚ್ಚಿದ್ದರೂ ನಡೆಯುತ್ತದೆ. ಇಲ್ಲದವರಿಗೆ: ಪಾತ್ರೆಯ ಹೊರಮೈ ಮುಟ್ಟಿದರೆ ಕೈಗೆ ತಣ್ಣಗೆ ಹತ್ತಬೇಕು, ಹಲ್ಲು ಕಡಿಯುವಷ್ಟಲ್ಲ.

ಮಿಕ್ಸಿಯಲ್ಲಿ ಮಾಡುವವರು ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಗಾಳಿಗೆ ಜಾಗ ಬೇಕು. ಗುಂಡಿಯನ್ನು ಎಡಕ್ಕೆ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಮೋಟಾರಿನ ಬಿಸಿ ಕೆನೆಗೆ ಇಳಿಯುತ್ತದೆ. ಮೊದಲು ನೊರೆ ಏಳುತ್ತದೆ, ಆಮೇಲೆ ಗಟ್ಟಿಯಾಗಿ ಅಲಗು ಬರಿದೇ ತಿರುಗಿದಂತೆ ಅನಿಸುತ್ತದೆ. ಬಹಳ ಮಂದಿ ಇಲ್ಲಿ ಧೈರ್ಯ ಕಳೆದುಕೊಳ್ಳುತ್ತಾರೆ. ಒಂದು ಲೋಟ ಐಸ್ ನೀರು ಹಾಕಿ ಮುಂದುವರಿಸಿ. ಸ್ವಲ್ಪ ಹೊತ್ತಿಗೆ ಸದ್ದು ಬದಲಾಗುತ್ತದೆ, ಮಂದವಾಗಿ ಗುಂಯ್ ಅನ್ನುತ್ತಿದ್ದದ್ದು ದಿಢೀರನೆ ಗಳಗಳ ಅನ್ನುತ್ತದೆ. ಕಣ್ಣಿಗಿಂತ ಕಿವಿಗೆ ಇದು ಬೇಗ ತಿಳಿಯುತ್ತದೆ. "ಸಪ್ಪಳ ಬದ್ಲಾತು, ನಿಲ್ಸು" ಅಂತ ಅಜ್ಜಿ ಪಡಸಾಲೆಯಲ್ಲಿ ಕುಳಿತೇ ಹೇಳುತ್ತಿದ್ದಳು. ಜೋಳದ ಕಾಳಿನಷ್ಟು ಬೆಣ್ಣೆ ಕಂಡೊಡನೆ ನಿಲ್ಲಿಸಬೇಕು. ಇನ್ನೂ ಸ್ವಲ್ಪ ಬರಲಿ ಅಂತ ಆಸೆಪಟ್ಟು ಓಡಿಸಿದರೆ ಕಾಳುಗಳ ನಡುವೆ ಮಜ್ಜಿಗೆ ಸಿಕ್ಕಿಬಿದ್ದು ಬೆಣ್ಣೆ ಮೆತ್ತಗಾಗುತ್ತದೆ, ಎರಡೇ ದಿನಕ್ಕೆ ವಾಸನೆ ಬರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ, ನೀರು ತಿಳಿಯಾಗುವವರೆಗೆ ತೊಳೆದರೆ ಆ ಮಜ್ಜಿಗೆ ಹೋಗುತ್ತದೆ.

ಇಲ್ಲಿ ಆದದ್ದು ಪೂರ್ತಿ ಬೇರ್ಪಡೆಯೂ ಅಲ್ಲ ಅನ್ನುವುದು ಸ್ವಾರಸ್ಯ. ಹಾಲಿನಲ್ಲಿ ನೀರೊಳಗೆ ಕೊಬ್ಬಿನ ಹನಿಗಳಿದ್ದವು, ಬೆಣ್ಣೆಯಲ್ಲಿ ಕೊಬ್ಬಿನೊಳಗೆ ನೀರಿನ ಹನಿಗಳು. ಒಳಗಿನದು ಹೊರಗೆ, ಹೊರಗಿನದು ಒಳಗೆ. ಅಂಗಡಿಯ ಬೆಣ್ಣೆಗೆ ಆಹಾರ ಕಾನೂನು ಕೇಳುವುದು ಕನಿಷ್ಠ ಶೇ. 80ರಷ್ಟು ಕೊಬ್ಬು. ನೀರು ಶೇ. 16ರಷ್ಟರ ಒಳಗೆ ಇರಬೇಕು.

ಇನ್ನು ಕಡಗೋಲಿನ ಹಗ್ಗ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುವುದು ಕೈಯ ಅನುಕೂಲಕ್ಕೆ ಮಾತ್ರ ಅಂತ ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಮೊಸರೆಲ್ಲ ಒಟ್ಟಾಗಿ ಬುಗುರಿಯಂತೆ ಸುತ್ತುತ್ತದೆ, ಹನಿಗಳು ಅಕ್ಕಪಕ್ಕದಲ್ಲೇ ಓಡುತ್ತವೆ, ಢಿಕ್ಕಿ ಕಡಿಮೆ. ದಿಕ್ಕು ಬದಲಿಸಿದ ಪ್ರತಿಸಲ ಆ ಓಟ ಮುರಿಯುತ್ತದೆ. ಕಾರ್ಖಾನೆಯ ಮಿಶ್ರಣ ತೊಟ್ಟಿಗಳ ಒಳಗೋಡೆಗೆ ಉದ್ದುದ್ದ ಪಟ್ಟಿ ಬೆಸೆದಿರುವುದು ಇದೇ ಸುತ್ತಾಟ ಮುರಿಯಲಿಕ್ಕೆ. ಹಗ್ಗದವರು ಪಟ್ಟಿಯಿಲ್ಲದೆ ಅದನ್ನು ಸಾಧಿಸಿದ್ದರು.

ತುಪ್ಪ ಕಾಸಿದ ಮೇಲೆ ಕೈ ಕಟ್ಟಿ

ಬೆಣ್ಣೆ ಕಾಯುವಾಗ ಕೈಯಾಡಿಸುವುದು ಸರಿ, ಇಲ್ಲದಿದ್ದರೆ ತಳದ ಕಸಟು ಹೊತ್ತುತ್ತದೆ. ನೀರು ಆರುವವರೆಗೆ ಚಟಪಟ ಸದ್ದು, ಅದು ನಿಂತ ಮೇಲೆ ಸಣ್ಣ ನೊರೆ, ಕಸಟು ಕೆಂಪಗಾಗುವ ಪರಿಮಳ. ಅಲ್ಲಿಗೆ ಒಲೆ ಆರಿಸಿ ಸೋಸಿ. ಆಮೇಲೆ ಮುಟ್ಟಬೇಡಿ.

ತಣಿಯುವಾಗ ತುಪ್ಪವೂ ಎರಡಾಗುತ್ತದೆ: ಬೇಗ ಗಟ್ಟಿಯಾಗುವ ಕೊಬ್ಬು ಹರಳುಗಟ್ಟುತ್ತದೆ, ಉಳಿದದ್ದು ಎಣ್ಣೆಯಾಗಿ ಹರಳಿನ ನಡುವೆ ನಿಲ್ಲುತ್ತದೆ. 28 ಡಿಗ್ರಿ ಆಸುಪಾಸಿನಲ್ಲಿ, ಅಲುಗಾಡದೆ, ನಿಧಾನವಾಗಿ ತಣಿದರೆ ಕೆಲವೇ ಹರಳು ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ. ಸೌಟು ಆಡಿಸಿದರೆ, ಇಲ್ಲವೇ ಅವಸರಕ್ಕೆ ಫ್ರಿಜ್ಜಿಗೆ ಇಟ್ಟರೆ, ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಟ್ಟಿಗೆ ಹುಟ್ಟಿ ತುಪ್ಪ ಮೇಣದಂತಾಗುತ್ತದೆ. ರುಚಿ ಕೆಡುವುದಿಲ್ಲ, ಬಿಸಿ ರೊಟ್ಟಿಯ ಮೇಲೆ ಹರಳು ಕರಗುವ ಸುಖ ತಪ್ಪುತ್ತದೆ. ಹುಬ್ಬಳ್ಳಿ-ಧಾರವಾಡದ ಚಳಿಗಾಲದ ಹಗಲಿನ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹರಳು ಇದ್ದರೆ ಶುದ್ಧ ತುಪ್ಪ ಅಂತ ಮಾತ್ರ ನಂಬಬೇಡಿ. ವನಸ್ಪತಿಗೂ ಹರಳು ಬರಿಸುತ್ತಾರೆ. ಬೆರಕೆ ಪತ್ತೆಯಾಗಲಿ ಅಂತಲೇ ವನಸ್ಪತಿಯಲ್ಲಿ ಎಳ್ಳೆಣ್ಣೆ ಇರಬೇಕೆಂದು ಕಾನೂನು ಮಾಡಿದ್ದು.

ಹಾಲಿನ ಕ್ಯಾನು, ಫ್ಯಾಟಿನ ದುಡ್ಡು

ಇದು ಹಳ್ಳಿಯಿಂದ ಹಾಲು ಹಾಕುವವರಿಗೆ. 2021ರಲ್ಲಿ ಅಧಿಕೃತ ತಳಿಯೆಂದು ನೋಂದಣಿಯಾದ ಧಾರವಾಡಿ ಎಮ್ಮೆಯ ಹಾಲು ಜಿಡ್ಡಿಗೆ ಹೆಸರಾದದ್ದು. ಹಾಲಿನ ಸಂಘದಲ್ಲಿ ದುಡ್ಡು ಸಿಗುವುದು ಆ ಜಿಡ್ಡಿನ ಲೆಕ್ಕದ ಮೇಲೆ. ಕರೆದಿಟ್ಟ ಹಾಲು ಒಂದು ಗಂಟೆ ನಿಂತರೂ ಕೊಬ್ಬು ಮೇಲೇರಲು ಶುರುವಾಗಿರುತ್ತದೆ. ಮಾದರಿಯನ್ನು ತಳದಿಂದ ತೆಗೆದರೆ ಹಾಕಿದವರಿಗೆ ನಷ್ಟ, ಮೇಲಿನಿಂದ ತೆಗೆದರೆ ಸಂಘಕ್ಕೆ. ಆದ್ದರಿಂದ ಮಾದರಿ ತೆಗೆಯುವ ಮೊದಲು ಹಾಲನ್ನು ತಳದಿಂದ ಮೇಲಕ್ಕೆ ನಾಲ್ಕೈದು ಸಲ ಎತ್ತಿ ಹಾಕಿ ತಿರುವಬೇಕು, ಅಥವಾ ಪಾತ್ರೆಯಿಂದ ಪಾತ್ರೆಗೆ ಒಂದೆರಡು ಸಲ ಸುರಿಯಬೇಕು. ಸುಮ್ಮನೆ ಸುತ್ತ ತಿರುಗಿಸಿದರೆ ಮೇಲಿನದು ಮೇಲೇ ಸುತ್ತುತ್ತದೆ. ಮಾದರಿ ತೆಗೆಯುವವರು ಇದನ್ನು ಮಾಡದಿದ್ದರೆ ಕೇಳಿ, ಸಂಕೋಚ ಬೇಡ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಅರ್ಧ ತುಂಬಿದ ಕ್ಯಾನನ್ನು ಬೈಕಿಗೆ ಕಟ್ಟಿ ಕಚ್ಚಾ ರಸ್ತೆಯಲ್ಲಿ ತಂದರೆ ದಾರಿಯುದ್ದಕ್ಕೂ ಅದು ಕಡೆದುಕೊಳ್ಳುತ್ತಾ ಬರುತ್ತದೆ. ಒಳಗೆ ಗಾಳಿ ಇದೆ, ಕುಲುಕಾಟ ಇದೆ, ಬೇರೇನು ಬೇಕು? ಮುಚ್ಚಳಕ್ಕೆ, ಕಂಠಕ್ಕೆ ಬೆಣ್ಣೆಯ ಚುಕ್ಕಿ ಅಂಟಿರುತ್ತದೆ, ಯಂತ್ರದಲ್ಲಿ ಫ್ಯಾಟು ಕಡಿಮೆ ತೋರಿಸುತ್ತದೆ. ಹಾಲು ಕಡಿಮೆ ಇದ್ದರೆ ಚಿಕ್ಕ ಕ್ಯಾನು ಬಳಸಿ, ಕಂಠದವರೆಗೆ ತುಂಬಿ ತನ್ನಿ. ಧಾರವಾಡದ ಲಕಮನಹಳ್ಳಿಯ ಡೇರಿಗೆ ಹೋದ ಮೇಲೆ ಬೇರ್ಪಡಿಸುವ ಕೆಲಸವನ್ನು ಯಂತ್ರ ನೋಡಿಕೊಳ್ಳುತ್ತದೆ. ಗುಸ್ತಾಫ್ ಡಿ ಲಾವಾಲ್ ಎಂಬ ಸ್ವೀಡಿಷ್ ಎಂಜಿನಿಯರ್ 1878ರಲ್ಲಿ ರೂಪಿಸಿದ ಯಂತ್ರದ ತತ್ತ್ವವೇ ಇವತ್ತಿಗೂ: ಹಾಲನ್ನು ಗರಗರ ತಿರುಗಿಸಿದರೆ ಭಾರದ ನೀರು ಅಂಚಿಗೆ, ಹಗುರ ಕೆನೆ ನಡುವಿಗೆ. ಅಲ್ಲಿ ಗಾಳಿಯಿಲ್ಲ, ಕದಡಾಟವಿಲ್ಲ. ಹನಿಯ ಪೊರೆ ಹರಿಯದೆ ಕೆನೆ ಬೇರೆಯಾಗುತ್ತದೆ.

ಒಡೆಯದಂತೆ ತಿರುವುವುದು

ಮಜ್ಜಿಗೆ ಸಾರು ಒಡೆಯುವುದು ಕೊಬ್ಬಿನ ದೆಸೆಯಿಂದಲ್ಲ, ಪ್ರೋಟೀನಿನಿಂದ. ಹುಳಿ ಮೊದಲೇ ಇದೆ, ಶಾಖ ತಾಕಿದೊಡನೆ ಪ್ರೋಟೀನು ಮುದ್ದೆಗಟ್ಟಿ ನೀರು ಬಿಡುತ್ತದೆ. ಕಡಲೆ ಹಿಟ್ಟನ್ನು ತಣ್ಣನೆಯ ಮಜ್ಜಿಗೆಯಲ್ಲೇ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿಟ್ಟು, ಒಂದು ಕುದಿ ಬರುವವರೆಗೆ ಕೈ ಬಿಡದೆ ಆಡಿಸಿ. ಹಿಟ್ಟು ಅರಳಿ ಪ್ರೋಟೀನಿನ ಕಣಗಳ ನಡುವೆ ನಿಲ್ಲುತ್ತದೆ, ತಿರುವುವ ಕೈ ತಳದಲ್ಲಿ ಒಂದೇ ಕಡೆ ಬಿಸಿ ಏರದಂತೆ ನೋಡಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ತಿರುವಬೇಕು ಅನ್ನುವ ಮಾತು ಬಹಳ ಮನೆಗಳಲ್ಲಿದೆ. ಮೆಲ್ಲಗೆ ತಿರುವಿ ಅನ್ನುವುದನ್ನೇ ಹಾಗೆ ಹೇಳಿರಬೇಕು, ದಿಕ್ಕಿಗೆ ಬೇರೆ ಕಾರಣ ನನಗೆ ಕಾಣದು. ಗೋಧಿ ಹುಗ್ಗಿಗೆ ನಮ್ಮ ಕಡೆ ಹಾಲನ್ನು ಒಲೆಯ ಮೇಲೆ ಹಾಕದೆ ಬಡಿಸುವಾಗ ಮೇಲೆ ಸುರಿಯುವುದು ಜಾಣತನ. ಬೆಲ್ಲದ ಜೊತೆ ಕುದಿಸಿದ ಹಾಲು ಎಷ್ಟು ತಿರುವಿದರೂ ಒಡೆಯುವ ಅಪಾಯ ಇದ್ದೇ ಇದೆ.

ಪೇಢೆಯದು ಇನ್ನೊಂದು ತುದಿ. ಪ್ಲೇಗಿನ ಕಾಲದಲ್ಲಿ ಉನ್ನಾವ್‌ನಿಂದ ಧಾರವಾಡಕ್ಕೆ ಬಂದ ಠಾಕೂರ್ ಮನೆತನದ ಲೈನ್ ಬಜಾರಿನ ಅಂಗಡಿಯಿಂದ ಹೆಸರಾದ, ಈಗ ಭೌಗೋಳಿಕ ಸೂಚಿಕೆ ಪಡೆದಿರುವ ಧಾರವಾಡ ಪೇಢೆಯ ಜೀವ ಖೋವಾ. ಖೋವಾದ ಜೀವ ಸೌಟು. ನೀರು ಆರುತ್ತಾ, ಸೌಟು ಕೆರೆಯುತ್ತಾ ಹೋದಂತೆ ಹನಿಗಳ ಪೊರೆ ಹರಿದು ಜಿಡ್ಡು ಹೊರಬರುತ್ತದೆ. ಆ ಜಿಡ್ಡೇ ಖೋವಾಕ್ಕೆ ಮೆದುತನ ಕೊಡುವುದು. ಮನೆಯಲ್ಲಿ ಹುರಿಯುವಾಗ ಅಂಚಿನಲ್ಲಿ ತುಪ್ಪ ಹರಿಯತೊಡಗಿದರೆ ಉರಿ ಹೆಚ್ಚಾಗಿದೆ ಅಂತ ಅರ್ಥ. ಇಳಿಸಿ, ಒಂದು ಚಮಚ ಹಾಲು ಚಿಮುಕಿಸಿ ನಾದಿ, ಹೆಚ್ಚಿನಂಶ ಒಳಗೆ ಹೋಗುತ್ತದೆ.

ಹೊಲದಲ್ಲಿ, ಕೊಡಪಾನದಲ್ಲಿ

ಬೇವಿನ ಎಣ್ಣೆ ಸಿಂಪಡಿಸುವ ರೈತರು, ತಾರಸಿ ತೋಟದವರು ಸಾಮಾನ್ಯವಾಗಿ ಮಾಡುವ ತಪ್ಪು ಎಣ್ಣೆಯನ್ನು ನೇರ ನೀರಿಗೆ ಸುರಿಯುವುದು. ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, 1-2 ಮಿ.ಲೀ. ಪಾತ್ರೆ ತೊಳೆಯುವ ದ್ರವ ಅಂದುಕೊಳ್ಳಿ. ಮೊದಲು ಎಣ್ಣೆಯನ್ನೂ ದ್ರವವನ್ನೂ ಒಂದು ಲೋಟದಲ್ಲಿ ಚೆನ್ನಾಗಿ ಕಲಸಿ, ಅದಕ್ಕೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವಿ ಹಾಲಿನಂತೆ ಮಾಡಿಕೊಳ್ಳಿ, ಆಮೇಲೆ ಟ್ಯಾಂಕಿಗೆ. ಬೋರಿನ ಗಡಸು ನೀರಿನಲ್ಲಿ ಬಟ್ಟೆ ಸೋಪು ಗಸಿಯಾಗಿ ಕೆಲಸಕ್ಕೆ ಬಾರದು, ದ್ರವವೇ ವಾಸಿ. ಬೆನ್ನ ಮೇಲಿನ ಟ್ಯಾಂಕನ್ನು ಆಗಾಗ ಅಲುಗಾಡಿಸಿ. ಊಟಕ್ಕೆ ಕುಳಿತು ಎದ್ದು ಬಂದು ಹಾಗೇ ಹೊಡೆದರೆ ಮೊದಲ ಸಾಲಿಗೆ ಬರೀ ನೀರು, ಕೊನೆಯ ಸಾಲಿಗೆ ಬರೀ ಎಣ್ಣೆ. ಎಲೆ ಸುಡುವುದು ಆ ಕೊನೆಯ ಸಾಲಿನಲ್ಲಿ. ಕಲಸಿದ್ದನ್ನು ಆ ದಿನವೇ ಮುಗಿಸಿ.

ಇನ್ನು ನೀರು. ನಳದ ನೀರನ್ನು ಕೂಡಿಡುವ ಊರು ನಮ್ಮದು. ಮಲಪ್ರಭೆಯ ನೀರು ಅಮ್ಮಿನಬಾವಿಯ ಘಟಕದಲ್ಲಿ ಶುದ್ಧವಾಗಿಯೇ ಬರುತ್ತದಾದರೂ, ಪೈಪು ಒಡೆದ ದಿನ, ಮಳೆಗಾಲದ ಬಾವಿ, ಟ್ಯಾಂಕರಿನ ನೀರು ಅಂದರೆ ಕೆಂಪು ಇದ್ದೇ ಇರುತ್ತದೆ. ಮಣ್ಣಿನ ಕಣ ದ್ರವವಲ್ಲ, ಆದರೂ ಕಥೆ ಅದೇ: ಬಿಡಿ ಕಣಗಳು ಕೂಡಿ ದೊಡ್ಡದಾದರೆ ಬೇಗ ಇಳಿಯುತ್ತವೆ. 20 ಲೀಟರಿನ ಕೊಡಪಾನಕ್ಕೆ ದಪ್ಪ ಕಡಲೆಕಾಳಿನಷ್ಟು ಪಟಕವನ್ನು ಕರಗಿಸಿ ಹಾಕಿ, ಅರ್ಧ ನಿಮಿಷ ಜೋರಾಗಿ ತಿರುವಿ. ಆಮೇಲೆ ಹತ್ತು ನಿಮಿಷ ಮೆಲ್ಲಗೆ, ಬಹಳ ಮೆಲ್ಲಗೆ. ಜೋರು ತಿರುವುವುದು ಪಟಕ ಹರಡಲಿಕ್ಕೆ, ಮೆಲ್ಲನೆಯದು ಕಣಗಳು ಒಂದಕ್ಕೊಂದು ಸಿಕ್ಕಲಿಕ್ಕೆ. ಎರಡನೆಯ ಹಂತದಲ್ಲೂ ಜೋರು ಮಾಡಿದರೆ ಕೂಡಿದ ಹತ್ತಿಯಂಥ ಗುಪ್ಪೆಗಳು ಹರಿದುಹೋಗುತ್ತವೆ. ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಪಟಕಕ್ಕೆ ರೋಗಾಣು ಸಾಯುವುದಿಲ್ಲ, ಕುಡಿಯುವುದಾದರೆ ಕುದಿಸಲೇಬೇಕು.

ಬೆಲ್ಲದ ನೀರಿನ ಮರಳಿಗೆ ಮಾತ್ರ ಸುತ್ತ ತಿರುಗಿಸುವುದೇ ಮದ್ದು. ಚಹಾ ಲೋಟ ತಿರುವಿ ಬಿಟ್ಟರೆ ಪುಡಿ ಅಂಚಿಗೆ ಹೋಗದೆ ತಳದ ನಡುವೆ ಬಂದು ಕೂಡುವುದನ್ನು ನೋಡಿದ್ದೀರಿ. ಅದರ ಕಾರಣವನ್ನು ಐನ್‌ಸ್ಟೈನ್ 1926ರಲ್ಲಿ, ನದಿಗಳು ಯಾಕೆ ಡೊಂಕಾಗಿ ಹರಿಯುತ್ತವೆ ಅಂತ ವಿವರಿಸುವಾಗ ಹೇಳಿದ್ದ: ತಳಕ್ಕೆ ಉಜ್ಜುವ ನೀರು ನಿಧಾನವಾಗಿ, ಒಳಮುಖವಾಗಿ ಹರಿದು, ಪುಡಿಯನ್ನು ನಡುವಿಗೆ ಗುಡಿಸಿ ತರುತ್ತದೆ. ಬೆಲ್ಲವನ್ನು ನೀರಲ್ಲಿ ಕರಗಿಸಿ, ದುಂಡನೆಯ ಪಾತ್ರೆಯಲ್ಲಿ ಒಂದೇ ದಿಕ್ಕಿಗೆ ನಾಲ್ಕು ಸುತ್ತು ತಿರುವಿ ಸೌಟು ತೆಗೆದುಬಿಡಿ. ಸುತ್ತಾಟ ತಾನಾಗಿ ನಿಲ್ಲುವವರೆಗೆ ಕಾದು, ಪಾತ್ರೆ ಅಲುಗಿಸದೆ ಮೆಲ್ಲಗೆ ಬಗ್ಗಿಸಿಕೊಳ್ಳಿ. ಕೊನೆಯ ಎರಡು ಚಮಚ ಮರಳಿನ ಜೊತೆ ಅಲ್ಲೇ ಉಳಿಯಲಿ.